ಕಳಿಸದ ಮಾತು

ಸೂಜಿ ಚುಚ್ಚಿದ್ದು ನಾದಿನಿಯ ಎಡಗೈಗೆ. ಹೆಬ್ಬೆರಳಿನ ಬುಡಕ್ಕೆ.

ರಕ್ತದಲ್ಲಿ ನೆನೆದು ಒಣಗಿ ರಟ್ಟಿನಂತಾಗಿದ್ದ ಹಾಸಿಗೆ ಬಟ್ಟೆಯನ್ನು ಅವಳು ಬಿಡಿಸುತ್ತಿದ್ದಳು. ಒಳಗೆ ಸೂಜಿ ಇತ್ತು. ಯಾರೋ ರೋಗಿಗೆ ಚುಚ್ಚಿ, ಡಬ್ಬಕ್ಕೆ ಹಾಕಲು ಸೋಮಾರಿತನಪಟ್ಟು ಅಲ್ಲೇ ಬಿಟ್ಟ ಸೂಜಿ. ಕೈಗವಸು ಹಾಕಿಕೊಂಡಿದ್ದಳು. ಅದು ಇದ್ದೂ ಇಲ್ಲದಂತಿತ್ತು. ಬೆರಳ ಸಂದಿಯಲ್ಲೆಲ್ಲ ಹರಿದು, ಟೇಪು ಸುತ್ತಿ ಸುತ್ತಿ ಹಾಕಿಕೊಳ್ಳುತ್ತಿದ್ದ ರಬ್ಬರು.

“ಅತ್ತಿಗೇ” ಅಂದಳು. ಕೂಗಲಿಲ್ಲ.

ಪಕ್ಕದಲ್ಲೇ ಇದ್ದ ಕುಳ್ಳಿ ತಿರುಗಿ ನೋಡಿದಳು. ಕುಳ್ಳಿ ಅಂದರೆ ಅವಳ ಹೆಸರಲ್ಲ. ಆಸ್ಪತ್ರೆಯ ಹಿಂದಿನ ಆ ಒಗೆತದ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಹಾಗೆ. ದೊಡ್ಡ ಮೆಷಿನ್ನಿನ ಬಾಯಿಗೆ ಬಟ್ಟೆ ತುಂಬಲು ಅವಳು ಇಟ್ಟಿಗೆ ಇಟ್ಟುಕೊಂಡು ನಿಲ್ಲಬೇಕಾಗಿತ್ತು. ಗಂಡ ಸತ್ತ ಮೇಲೂ ಅತ್ತೆಯ ಮನೆ ಬಿಡದೆ, ಅತ್ತೆಯನ್ನೂ ನಾದಿನಿಯನ್ನೂ ಕಟ್ಟಿಕೊಂಡು ಬಾಳುತ್ತಿದ್ದವಳು. ನಾದಿನಿಯನ್ನು ಕೆಲಸಕ್ಕೆ ಸೇರಿಸಿದವಳೂ ಅವಳೇ.

ಕುಳ್ಳಿ ಅವಳ ಕೈ ಹಿಡಿದು ನಲ್ಲಿಯ ಕೆಳಗೆ ಒಡ್ಡಿದಳು. ನೀರಿನ ಜೊತೆ ರಕ್ತ ತೆಳ್ಳಗೆ ಹರಿಯಿತು. ಇಬ್ಬರೂ ಮೇಲಿನ ವಾರ್ಡಿಗೆ ಓಡಿದರು. ಅಲ್ಲಿನ ನರ್ಸು ಒಳ್ಳೆಯವಳು. ಆದರೆ ಹೆದರಿದವಳು.

“ಎಚ್‌ಐವಿ ಅಂಟದ ಹಾಗೆ ಬೇಗ ಗುಳಿಗೆ ಶುರು ಮಾಡ್ಬೇಕು. ಯಾವ ರೋಗಿದು ಅಂತ ಗೊತ್ತಿಲ್ವಲ್ಲ. ನಿಮ್ಮ ಕಂಪನಿಯವರ ಹತ್ರ ಚೀಟಿ ಬರೆಸ್ಕೊಂಡು ಬನ್ನಿ, ಕೊಡ್ತೀನಿ.” ಆಮೇಲೆ ನಾದಿನಿಯ ರವಿಕೆಯ ಮೇಲಿದ್ದ ಒದ್ದೆ ಕಲೆ ನೋಡಿದಳು. “ಮಗುಗೆ ಹಾಲು ಕುಡಿಸ್ತಿದೀಯಾ?”

“ಹೂಂ.”

“ನಿಲ್ಸು. ಪರೀಕ್ಷೆ ಮುಗಿಯೋವರೆಗೂ ನಿಲ್ಸು.”

ಒಗೆತದ ಗುತ್ತಿಗೆ ಹಿಡಿದ ಕಂಪನಿಯ ಮ್ಯಾನೇಜರನ್ನು ಹೆಂಗಸರು ಬೆಣ್ಣೆ ಅನ್ನುತ್ತಿದ್ದರು. ಅವನ ದನಿ ಅಷ್ಟು ನಯ. ಯಾರನ್ನು ಕೆಲಸದಿಂದ ತೆಗೆದರೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯುತ್ತಿದ್ದ. ಅವನು ನಾದಿನಿಯ ಕೈ ನೋಡಿದ. ಕುರ್ಚಿ ತೋರಿಸಿ ಕೂರಲು ಹೇಳಿದ.

“ಆಸ್ಪತ್ರೆ ಬಟ್ಟೆಯಲ್ಲಿ ಸೂಜಿ ಬರೋದಿಲ್ಲಮ್ಮ. ಅದು ನಿಯಮ. ಬಂತು ಅಂದ್ರೆ ನಿಯಮ ತಪ್ಪಿದೆ ಅಂತಾಗುತ್ತೆ. ಮನೇಲಿ ಏನಾದ್ರೂ ಹೊಲೀತಿದ್ಯಾ?”

“ಇಲ್ಲ ಸಾರ್, ಇಲ್ಲೇ, ಈಗ್ಲೇ…”

“ನಿಧಾನವಾಗಿ ನೆನಪು ಮಾಡ್ಕೋ.”

ಚೀಟಿ ಕೊಡಲಿಲ್ಲ. ಕುಳ್ಳಿ ನಾದಿನಿಯನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸಾಲು. ಇನ್ನೊಂದು ಸಾಲು. ಗುಳಿಗೆ ಸಿಕ್ಕಿದ್ದು ಮಾರನೆಯ ದಿನ. ಗುಳಿಗೆ ನುಂಗಿದರೆ ನಾದಿನಿಗೆ ಕರುಳು ಕಿತ್ತು ಬರುವ ಹಾಗೆ ವಾಂತಿ. ಎದೆ ಕಲ್ಲಾಗಿ ನೋಯುತ್ತಿತ್ತು. ಹಾಲನ್ನು ಹಿಂಡಿ ಬಚ್ಚಲಿಗೆ ಚೆಲ್ಲುತ್ತಿದ್ದಳು. ಮಗು ವಾಸನೆ ಹಿಡಿದು ಅವಳತ್ತ ಕೈ ಚಾಚಿ ಅರಚುತ್ತಿತ್ತು. ಮಂಡಿ ನೋವಿನ ಅತ್ತೆ ಕುಂಟುತ್ತ ಬಂದು ಮೊಮ್ಮಗುವಿನ ಬಾಯಿಗೆ ಬಾಟಲಿ ತುರುಕಿದರೆ ಅದು ಮುಖ ತಿರುಗಿಸಿ ಉಗಿಯುತ್ತಿತ್ತು. ನಾದಿನಿಯ ಗಂಡ ಲಾರಿಯವನು. ಎಲ್ಲೋ ದೂರದ ರಸ್ತೆಯಲ್ಲಿದ್ದ. ಅವನಿಗೆ ಇನ್ನೂ ಹೇಳಿರಲಿಲ್ಲ. ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಶೆಡ್ಡಿನ ಹೆಂಗಸರದು ಫೋನಿನಲ್ಲಿ ಒಂದು ಗುಂಪಿತ್ತು. ಬೆಳಗಾದರೆ ಹೂವಿನ ಚಿತ್ರ, ಯಾರದೋ ಮಗುವಿನ ನಗು, ಯಾರಿಗೋ ರಜ ಬೇಕು ಅನ್ನುವ ಮಾತು. ಸೂಜಿಯ ಸುದ್ದಿ ತಿಳಿದ ದಿನ ಅದು ಕುದಿಯಿತು. ಬರೆಯಲು ಬಾರದವರು ಮಾತಾಡಿ ಕಳಿಸಿದರು. ಬಿಸಿ ರೋಲರಿನಲ್ಲಿ ಚಾದರ ಇಸ್ತ್ರಿ ಮಾಡುತ್ತಿದ್ದ ಹಿರಿಯಳು, ಎಲ್ಲರಿಗೂ ಇಸ್ತ್ರಿ ಅಕ್ಕ, ಅಂದಿದ್ದು ಇಷ್ಟು: “ಇವತ್ತು ಅವಳ ಕೈ, ನಾಳೆ ನಮ್ಮದು. ಗಟ್ಟಿ ಕೈಗವಸು ಕೊಡೋವರೆಗೂ ಬಟ್ಟೆ ಚೀಲ ಬಿಚ್ಚಲ್ಲ ಅಂತ ಎಲ್ಲರೂ ಒಟ್ಟಿಗೆ ಹೋಗಿ ಹೇಳೋಣ.” ಮೆಷಿನ್ ನಡೆಸುವ ಇಬ್ಬರು ಹೆಂಗಸರು ಜೋರಾಗಿ ಹೂಂಗುಟ್ಟಿದರು. ಒಬ್ಬಳು, “ಅವನ ನಾಲಿಗೆಯ ಬೆಣ್ಣೆ ಕರಗಿಸೋಣ” ಎಂದು ನಕ್ಕಿದ್ದಳು.

ಮಾರನೆಯ ಬೆಳಿಗ್ಗೆ ಬೆಣ್ಣೆ ಆ ಇಬ್ಬರನ್ನು ಗೇಟಿನಲ್ಲೇ ನಿಲ್ಲಿಸಿದ.

“ನನ್ನ ನಾಲಿಗೆ ಬೆಣ್ಣೆ ಕರಗಿಸ್ತೀರಂತೆ. ಬಿಸಿಲಲ್ಲಿ ನಿಂತು ಕರಗಿಸಿ. ನಾಳೆಯಿಂದ ಬರೋದು ಬೇಡ.”

ಗುಂಪಿನ ಮಾತು ಗುಂಪಿನಿಂದ ಆಚೆ ಹೋಗಿತ್ತು. ಹೇಳಿದವರು ಯಾರು?

ಅಂದು ಊಟದ ಹೊತ್ತಿನಲ್ಲಿ ಬೆಣ್ಣೆ ಶೆಡ್ಡಿಗೆ ಬಂದ. ಎಲ್ಲರ ಮುಂದೆ ಕುಳ್ಳಿಯ ಹತ್ತಿರ ನಿಂತು, ಬಳಗದವನ ಹಾಗೆ ಕೇಳಿದ: “ಅತ್ತೆಯವರ ಮಂಡಿ ನೋವು ಹೇಗಿದೆ? ಎಣ್ಣೆ ತಿಕ್ಕಿದ್ರಾ?”

ಕುಳ್ಳಿ ತಬ್ಬಿಬ್ಬಾದಳು. ಅತ್ತೆಯ ಮಂಡಿಯ ಮಾತನ್ನು ಅವಳು ತನ್ನ ತಂಗಿಯ ಹತ್ತಿರ ಫೋನಿನಲ್ಲಿ ಆಡಿದ್ದಳು. ಬೇರೆ ಯಾರ ಹತ್ತಿರವೂ ಆಡಿರಲಿಲ್ಲ. ಹೆಂಗಸರು ಅನ್ನದ ಡಬ್ಬಿಯಿಂದ ತಲೆ ಎತ್ತಿ ನೋಡಿದರು. ಹೇಳಿದವರು ಯಾರು ಅಂತ ಅವರಿಗೆ ಸಿಕ್ಕಿತ್ತು.

ಮನೆಗೆ ನಡೆಯುವಾಗ ನಾದಿನಿ ಕೇಳಿದಳು. “ಅಮ್ಮನ ಮಂಡಿ ವಿಷಯ ಅವನಿಗ್ಯಾಕೆ ಹೇಳ್ದೆ?”

“ನಾನು ಹೇಳಿಲ್ಲ ಕಣೇ.”

“ಮತ್ತೆ ಗಾಳಿ ಹೇಳ್ತಾ?”

ಅಲ್ಲಿಂದ ಕುಳ್ಳಿ ಒಂಟಿಯಾದಳು.

ಒದ್ದೆ ಚಾದರ ಒಬ್ಬರಿಂದ ಎತ್ತುವ ವಸ್ತುವಲ್ಲ. ಮೆಷಿನ್ನಿನಿಂದ ಬರುವಾಗ ಅವು ಒಂದಕ್ಕೊಂದು ಹೆಣೆದುಕೊಂಡು ಹಗ್ಗದಂತಾಗಿರುತ್ತವೆ. ಒಬ್ಬಳು ಈ ತುದಿ, ಇನ್ನೊಬ್ಬಳು ಆ ತುದಿ ಹಿಡಿದು ಎಳೆಯಬೇಕು. ಈಗ ಕುಳ್ಳಿಯ ಎದುರು ತುದಿ ಹಿಡಿಯಲು ಯಾರೂ ಬರಲಿಲ್ಲ. ಕೇಳಿದರೆ, “ಬೆಣ್ಣೆನ ಕರಿ” ಅಂದರು. ಅವಳು ಚಾದರದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದನ್ನು ಸೊಂಟಕ್ಕೆ ಸುತ್ತಿಕೊಂಡು ಹಿಂದಕ್ಕೆ ವಾಲಿ ಎಳೆದಳು. ಸಂಜೆಗೆ ಸೊಂಟದ ಸುತ್ತ ಚರ್ಮ ಕೆಂಪಗೆ ಸುಲಿದಿರುತ್ತಿತ್ತು. ಅವಳು ಬಂದು ಕೂತರೆ ಬೆಂಚಿನ ಮೇಲಿದ್ದವರು ಎದ್ದು ಹೋಗುತ್ತಿದ್ದರು. ಅವಳ ಇಟ್ಟಿಗೆಯನ್ನು ಯಾರೋ ಎತ್ತಿ ಎಸೆದರು. ಅವಳು ಹುಡುಕಿ ತಂದು ಮತ್ತೆ ಇಟ್ಟುಕೊಂಡಳು.

ಇದನ್ನೆಲ್ಲ ತಡೆದುಕೊಂಡಳು. ತಡೆಯಲಾರದೆ ಹೋದದ್ದು ಮನೆಯಲ್ಲಿನ ಮೌನವನ್ನು. ನಾದಿನಿ ಅವಳ ತಟ್ಟೆಗೆ ಬಡಿಸುತ್ತಿದ್ದಳು. ಮುಖ ನೋಡುತ್ತಿರಲಿಲ್ಲ. ಮಗುವನ್ನು ಕುಳ್ಳಿ ಎತ್ತಿಕೊಂಡರೆ ಬಂದು ಕಸಿದುಕೊಳ್ಳುತ್ತಿದ್ದಳು.

“ಇಬ್ಬರಿಗೂ ಏನಾಗಿದೆ?” ಅತ್ತೆ ಕೇಳಿದರು. “ಒಂದೇ ಮನೇಲಿ ಹಾವು ಮುಂಗುಸಿ ಆಗ್ಬಿಟ್ರಲ್ಲ.”



ವಾರದ ರಜೆಯ ದಿನ ಕುಳ್ಳಿ ಒಂದು ತೀರ್ಮಾನಕ್ಕೆ ಬಂದಳು. ಕಾರ್ಮಿಕರ ಕಚೇರಿಗೆ ತಾನೊಬ್ಬಳೇ ಹೋಗುವುದು. ಕೈಗವಸಿನ ಮಾತು, ಸೂಜಿಯ ಮಾತು, ಚೀಟಿ ಕೊಡದ ಮಾತು, ಎಲ್ಲವನ್ನೂ ಹೇಳಿಬಿಡುವುದು. ಆಗಲಾದರೂ ನಾದಿನಿ ನಂಬಬಹುದು. ಆದರೆ ಅಧಿಕಾರಿಗಳ ಮುಂದೆ ಅವಳಿಗೆ ಮಾತು ತಡವರಿಸುತ್ತಿತ್ತು. ಒಮ್ಮೆ ರೇಷನ್ ಕಚೇರಿಯಲ್ಲಿ ಗಂಡನ ಹೆಸರು ಕೇಳಿದರೆ ತನ್ನ ಹೆಸರು ಹೇಳಿ ನಗೆಪಾಟಲಾಗಿದ್ದಳು. ಅದಕ್ಕೇ ಮಾಳಿಗೆ ಹತ್ತಿದಳು. ನೀರಿನ ಟ್ಯಾಂಕಿನ ನೆರಳಲ್ಲಿ ಕೂತಳು. ಫೋನಿನಲ್ಲಿ ದನಿ ಹಿಡಿಯುವ ಗುಂಡಿ ಒತ್ತಿ ಅಭ್ಯಾಸ ಮಾಡಿದಳು.

“ಸ್ವಾಮಿ, ನಾವು ಆಸ್ಪತ್ರೆ ಬಟ್ಟೆ ಒಗೆಯೋರು. ಸತ್ತೋರ ಕೆಳಗಿನ ಬಟ್ಟೆ, ಹೆತ್ತೋರ ಕೆಳಗಿನ ಬಟ್ಟೆ, ಎಲ್ಲ ನಮ್ಮ ಕೈಗೇ ಬರುತ್ತೆ. ನಿಮ್ಮನೆ ನಾಯಿ ಮಲಗೋ ಚಾಪೆ ತೊಳೆಯೋಕೂ ನೀವು ಇದಕ್ಕಿಂತ ಒಳ್ಳೆ ಕೈಗವಸು ಕೊಡ್ತೀರ…”

ಕೇಳಿಸಿಕೊಂಡಳು. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು. ನಾಯಿಯ ಮಾತು ಹೆಚ್ಚಾಯಿತು, ಅಧಿಕಾರಿಗೆ ಸಿಟ್ಟು ಬಂದೀತು ಅನ್ನಿಸಿತು. ಅದನ್ನು ಬಿಟ್ಟು ಇನ್ನೊಮ್ಮೆ ಹೇಳಿದಳು. ಆಮೇಲೆ ಎರಡನ್ನೂ ಅಳಿಸಿದಳು. ಯಾರಿಗೂ ಕಳಿಸಲಿಲ್ಲ. ಟ್ಯಾಂಕಿನ ಮೇಲೆ ಕೂತಿದ್ದ ಕಾಗೆ ಬಿಟ್ಟರೆ ಅದನ್ನು ಕೇಳಿದವರು ಇರಲಿಲ್ಲ.

ಮಾರನೆಯ ದಿನ ಬೆಣ್ಣೆ ಅವಳನ್ನು ಒಳಗೆ ಕರೆದ. ಬಾಗಿಲು ಹಾಕಿಸಿದ. ನೀರು ಕೊಟ್ಟ.

“ಚೆನ್ನಾಗಿ ಮಾತಾಡ್ತೀಯಮ್ಮ. ನನಗೆ ಗೊತ್ತೇ ಇರ್ಲಿಲ್ಲ. ಸತ್ತೋರ ಬಟ್ಟೆ, ಹೆತ್ತೋರ ಬಟ್ಟೆ… ಕಣ್ಣಲ್ಲಿ ನೀರು ಬರುತ್ತೆ.” ಸ್ವಲ್ಪ ತಡೆದು ಹೇಳಿದ: “ಆದ್ರೆ ನಾಯಿ ಮಾತು ತೆಗೆದದ್ದು ಒಳ್ಳೇದಾಯ್ತು. ಅಧಿಕಾರಿಗಳಿಗೆ ಹಿಡಿಸ್ತಿರ್ಲಿಲ್ಲ.”

ಕುಳ್ಳಿ ಲೋಟವನ್ನು ಟೇಬಲ್ಲಿನ ಮೇಲೆ ಇಟ್ಟಳು.

“ಅದನ್ನ… ನಾನು ಯಾರಿಗೂ ಕಳಿಸಿಲ್ಲ.”

“ಹೌದು. ಕಳಿಸಿಲ್ಲ.”

“ಮತ್ತೆ ನಿಮಗೆ?”

“ನೀವೇ ಹೂಂ ಅಂದಿದ್ದೀರಲ್ಲಮ್ಮ, ಎಲ್ಲರೂ” ಅಂದ ಬೆಣ್ಣೆ. ಬೇಸರದಿಂದ ಅಲ್ಲ, ಮಗುವಿಗೆ ಹೇಳುವ ಹಾಗೆ.

ಆಗ ಅವಳಿಗೆ ನೆನಪಾಯಿತು. ಹಾಜರಿ ಆಪ್ ಹಾಕಿಸಿದ ದಿನ. ಎಲ್ಲರ ಫೋನುಗಳನ್ನೂ ಆಫೀಸಿನವರು ಟೇಬಲ್ ಮೇಲೆ ಸಾಲಾಗಿ ಇಡಿಸಿಕೊಂಡಿದ್ದರು. ಇನ್ನು ಮೇಲೆ ಗೇಟಿನಲ್ಲಿ ಮುಖ ತೋರಿಸಿದರೆ ಹಾಜರಿ, ಇಲ್ಲದಿದ್ದರೆ ಗೈರು, ಸಂಬಳವಿಲ್ಲ ಅಂದಿದ್ದರು. ಆಪ್ ಒಂದೊಂದೇ ಕೇಳುತ್ತಿತ್ತು. ಫೋಟೋ ನೋಡಲಾ? ದನಿ ಕೇಳಲಾ? ನಂಬರುಗಳನ್ನು ಓದಲಾ? ಎಲ್ಲಿದ್ದೀರಿ ಅಂತ ತಿಳಿಯಲಾ? ಆಫೀಸಿನವನ ಹೆಬ್ಬೆರಳು ಎಲ್ಲದಕ್ಕೂ ಹೂಂ ಒತ್ತುತ್ತ ಹೋಯಿತು. ಆಗ ಯಾರೋ ತಮಾಷೆ ಮಾಡಿದ್ದರು: “ಮದುವೆ ಮಾಡೋವಾಗ್ಲೂ ನಮ್ಮನ್ನ ಇಷ್ಟು ಸಲ ಕೇಳಿರ್ಲಿಲ್ಲ!” ಎಲ್ಲರೂ ನಕ್ಕಿದ್ದರು. ಕುಳ್ಳಿಯೂ ನಕ್ಕಿದ್ದಳು.

ಬೆಣ್ಣೆ ಮುಂದೆ ಬಾಗಿದ. “ಹೊರಗೆ ಎಲ್ಲರೂ ನಿನ್ನನ್ನ ಏನಂತಾರೆ ಅಂತ ಗೊತ್ತು. ಅನ್ನಿಸ್ಕೊಂಡಿದ್ದಂತೂ ಆಯ್ತು. ಅದೇ ಆಗಿಬಿಡು. ಒಂದು ಹೇಳಿಕೆ ಕೊಡು, ನಾದಿನಿಗೆ ಸೂಜಿ ಚುಚ್ಚಿದ್ದು ಮನೇಲಿ ಅಂತ. ನಿನ್ನ ಕೆಲಸಕ್ಕೆ ಯಾರೂ ಕೈ ಹಚ್ಚಲ್ಲ.”

“ಕೊಡ್ಲಿಲ್ಲ ಅಂದ್ರೆ?”

“ನಿನ್ನ ಫೋನಲ್ಲಿ ಬರೀ ನಾಯಿ ಮಾತು ಮಾತ್ರ ಇಲ್ವಲ್ಲಮ್ಮ” ಅಂದ ಅವನು. “ನಾಳೆ ನಾಳಿದ್ದರೊಳಗೆ ಹೇಳು.”

ಸಂಜೆ ಕುಳ್ಳಿ ತನ್ನ ಫೋನನ್ನು ಅತ್ತೆಯ ಹಾಸಿಗೆಯ ಕೆಳಗೆ ತುರುಕಿದಳು. ನಾದಿನಿಯ ಫೋನನ್ನೂ ಕಿತ್ತುಕೊಂಡು ಅಲ್ಲೇ ಹಾಕಿದಳು. ಅವಳ ರಟ್ಟೆ ಹಿಡಿದು ಬೀದಿ ನಲ್ಲಿಯ ಹತ್ತಿರ ಎಳೆದುಕೊಂಡು ಹೋದಳು. ನಲ್ಲಿ ತಿರುಗಿಸಿ ಖಾಲಿ ಕೊಡಕ್ಕೆ ನೀರು ಬಿಟ್ಟಳು. ಆ ಸದ್ದಿನಲ್ಲಿ ಎಲ್ಲವನ್ನೂ ಹೇಳಿದಳು.

ನಾದಿನಿ ನಂಬಲಿಲ್ಲ. “ಸಿಕ್ಕಿಹಾಕ್ಕೊಂಡು ಈಗ ಫೋನಿನ ಮೇಲೆ ಹಾಕ್ತೀಯಾ? ಫೋನಿಗೆ ಕಿವಿ ಬಂತಾ?”

“ನನ್ನ ನಂಬಬೇಡ. ನೀನೇ ನೋಡು. ಒಂದು ಸುಳ್ಳು ಕಟ್ಟು. ಏನು ಸುಳ್ಳು ಅಂತ ನನಗೂ ಹೇಳ್ಬೇಡ. ನಿಮ್ಮಮ್ಮನಿಗೂ ಹೇಳ್ಬೇಡ. ಫೋನಿಗೆ ಮಾತ್ರ ಹೇಳು. ಹೇಳಿ ಅಳಿಸಿಬಿಡು.”

ನಾದಿನಿ ಅವಳನ್ನು ದಿಟ್ಟಿಸಿದಳು. ಕೊಡ ತುಂಬಿ ನೀರು ಇಬ್ಬರ ಪಾದದ ಮೇಲೂ ಹರಿಯುತ್ತಿತ್ತು. ಅವಳು ಕೊಡ ಎತ್ತಿಕೊಂಡು ನಡೆದಳು.

ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಕೆಲಸಕ್ಕೆ ಬಂದರು. ಶೆಡ್ಡಿನ ಹಿಂಭಾಗದಲ್ಲಿ ಒಗೆದ ಬಟ್ಟೆ ಸಾಗಿಸುವ ಗಾಡಿ ನಿಂತಿತ್ತು. ಅದರ ಸುತ್ತ ಎಂದೂ ಇಲ್ಲದ ಕಾವಲುಗಾರರು. ಲಾಠಿ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಪೊಲೀಸ್ ಜೀಪು. ಅದರೊಳಗೆ ಒಬ್ಬ ಚಹಾ ಕುಡಿಯುತ್ತಿದ್ದ.

ನಾದಿನಿ ನಿಂತಲ್ಲೇ ನಿಂತುಬಿಟ್ಟಳು. ಕುಳ್ಳಿ ಅವಳ ಕಿವಿಯ ಹತ್ತಿರ ಕೇಳಿದಳು.

“ಏನು ಹೇಳಿದ್ದೆ?”

“ಬಟ್ಟೆ ಗಾಡಿಗೆ ಅಡ್ಡ ಮಲಗ್ತೀನಿ ಅಂತ.”

“ಎಷ್ಟು ಜನ ಅಂತ ಹೇಳಿದ್ದೆ?”

“ನಾನೊಬ್ಬಳೇ ಅಂದಿದ್ದೆ.”

ಬಾಣಂತನ ಮುಗಿದೂ ಮುಗಿಯದ ಒಬ್ಬ ಹೆಂಗಸು. ವಾಂತಿ ಮಾಡಿ ಮಾಡಿ ನಿಲ್ಲಲು ತ್ರಾಣವಿಲ್ಲದವಳು. ಅವಳಿಗಾಗಿ ಜೀಪು ಬಂದಿತ್ತು.

ನಾದಿನಿ ಕುಳ್ಳಿಯ ಕೈ ಹಿಡಿದಳು. ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಬಳೆ ಒತ್ತಿ ನೋವಾಯಿತು. ಕುಳ್ಳಿ ಕೈ ಬಿಡಿಸಿಕೊಳ್ಳಲಿಲ್ಲ.

ಆ ದಿನ ಶೆಡ್ಡಿನಲ್ಲಿ ಸುದ್ದಿ ಬಾಯಿಂದ ಕಿವಿಗೆ ಹೋಯಿತು. ನಾದಿನಿಯೇ ಹೇಳಿದಳು. ಮೆಷಿನ್ನುಗಳು ನೀರು ಹಿಂಡಿ ಅಬ್ಬರಿಸುವಾಗ ಮಾತ್ರ. ಫೋನುಗಳನ್ನೆಲ್ಲ ಒದ್ದೆ ಬಟ್ಟೆಯ ತಳ್ಳುಗಾಡಿಯ ಆಚೆ ಇರಿಸಿ, ಒಬ್ಬೊಬ್ಬಳ ಕಿವಿಗೆ ಬಾಯಿ ಹಚ್ಚಿ. ಕೇಳಿದವರು ಮೊದಲು ನಂಬಲಿಲ್ಲ. ಜೀಪು ತೋರಿಸಿದ ಮೇಲೆ ನಂಬಿದರು. ನಂಬಿದ ಮೇಲೆ ಒಬ್ಬೊಬ್ಬರ ಮುಖವೂ ಒಂದೊಂದು ಥರ ಆಯಿತು. ಒಬ್ಬಳು ಗಂಡನಿಗೆ ಕಳಿಸಿದ ಫೋಟೋ ನೆನೆಸಿಕೊಂಡು ಸೆರಗನ್ನು ಕತ್ತಿನವರೆಗೂ ಎಳೆದುಕೊಂಡಳು. ಇನ್ನೊಬ್ಬಳು ಡಾಕ್ಟರ ಹತ್ತಿರ ಆಡಿದ್ದನ್ನು ನೆನೆಸಿಕೊಂಡು ಗೋಡೆಗೆ ಒರಗಿದಳು. ತನ್ನ ಮನೆಯೊಳಗೆ ಯಾರೋ ಇಷ್ಟು ದಿನ ಮಂಚದ ಕೆಳಗೆ ಮಲಗಿದ್ದ ಅಂತ ತಿಳಿದರೆ ಹೇಗಾಗುತ್ತದೋ ಹಾಗೆ.

ಸಂಜೆಯವರೆಗೂ ಯಾರೂ ಫೋನಿನ ಹತ್ತಿರ ಗಟ್ಟಿಯಾಗಿ ಮಾತಾಡಲಿಲ್ಲ. ಗುಂಪಿಗೆ ಮಾತ್ರ ಎಂದಿನ ಹಾಗೆ ಹೂವಿನ ಚಿತ್ರ ಹೋಯಿತು. “ಎಲ್ಲರಿಗೂ ಶುಭದಿನ” ಅಂತ ಇಸ್ತ್ರಿ ಅಕ್ಕ ದನಿ ಕಳಿಸಿದಳು. ಕಳಿಸಿ ಫೋನನ್ನು ದೂರ ತಳ್ಳಿದಳು. ಆಮೇಲೆ ಬಂದು ಕುಳ್ಳಿಯ ಎದುರು ಚಾದರದ ತುದಿ ಹಿಡಿದಳು. ಕ್ಷಮೆ ಕೇಳಲಿಲ್ಲ. “ಎಳಿ” ಅಂದಳು.

ಮಾರನೆಯ ಬೆಳಿಗ್ಗೆ ಅವರು ಒಳಗೆ ಹೋಗಲಿಲ್ಲ. ಗೇಟಿನ ಕಾವಲುಗಾರನ ಟೇಬಲ್ಲಿನ ಮೇಲೆ ಒಬ್ಬೊಬ್ಬರಾಗಿ ಫೋನು ತೋರಿಸಿ ಆಪ್ ಕಿತ್ತುಹಾಕಿದರು. ಕೆಲವರು ಕೀಳಲಿಲ್ಲ. ಹೆದರಿ ತಲೆ ತಗ್ಗಿಸಿ, ಮುಖ ತೋರಿಸಿ ಒಳಗೆ ಹೋದರು. ಅವರನ್ನು ಯಾರೂ ಬೈಯಲಿಲ್ಲ. ಉಳಿದವರು ರಸ್ತೆಯ ಅಂಚಿನಲ್ಲಿ ನಿಂತರು.

“ನಮ್ಮ ಮುಖ ಇಲ್ಲೇ ಇದೆ. ಕಣ್ಣಿಂದ ನೋಡಿ ಹಾಜರಿ ಹಾಕಿ” ಅಂದಳು ನಾದಿನಿ.

ಬೆಣ್ಣೆ ಬಂದ. ಜೀಪಿನವನೂ ಬಂದು ಹಿಂದೆ ನಿಂತ. ಅದು ಆಸ್ಪತ್ರೆಗೆ ಜನ ಬರುವ ಹೊತ್ತು. ರೋಗಿಗಳ ಕಡೆಯವರು ಚೀಲ, ಫ್ಲಾಸ್ಕು ಹಿಡಿದು ಹೋಗುತ್ತ ಬರುತ್ತ ನಿಲ್ಲತೊಡಗಿದರು. ಬೆಣ್ಣೆ ದನಿ ಏರಿಸಲಿಲ್ಲ.

“ಆಪ್ ತೆಗೆದ್ರೆ ಕೆಲಸ ಬಿಟ್ಟ ಹಾಗೆ. ಒಪ್ಪಿ ಹಾಕಿಸ್ಕೊಂಡಿದ್ದೀರಿ. ಮರ್ಯಾದಸ್ತರು ನೀವು, ರಸ್ತೆಗೆ ಬರ್ಬೇಡಿ.” ಆಮೇಲೆ ಇಸ್ತ್ರಿ ಅಕ್ಕನ ಕಡೆ ತಿರುಗಿದ. “ಅಕ್ಕಾ, ಮಗಳಿಗೆ ಸಂಬಂಧ ಗೊತ್ತಾಗ್ತಿದೆಯಂತಲ್ಲ, ಸಂತೋಷ. ಪ್ರತಿ ತಿಂಗಳು ನೀವು ಬಸ್ ಹತ್ತಿ ಎಲ್ಲಿಗೆ ಹೋಗ್ತೀರಿ ಅಂತ ಗಂಡಿನ ಕಡೆಯವರಿಗೆ ಗೊತ್ತಾ?”

ರೋಲರಿನ ಬಿಸಿಗೆ ಸುಟ್ಟು ಸುಟ್ಟು ಕಪ್ಪಾದ ಅವಳ ಮುಂಗೈಗಳು ಒಂದನ್ನೊಂದು ಹಿಡಿದುಕೊಂಡವು. ಬೆಣ್ಣೆ ಕಾಯುತ್ತಿದ್ದ. ಅವನಿಗೆ ಆತುರವಿರಲಿಲ್ಲ.

“ಜೈಲಿಗೆ” ಅಂದಳು ಇಸ್ತ್ರಿ ಅಕ್ಕ.

ಯಾರಿಗೂ ಅರ್ಥವಾಗಲಿಲ್ಲ. ಅವಳು ಮತ್ತೆ ಹೇಳಿದಳು. ಈ ಸಲ ರಸ್ತೆಗೆಲ್ಲ ಕೇಳುವ ಹಾಗೆ.

“ಜೈಲಿಗೆ ಹೋಗ್ತೀನಿ! ನನ್ನ ಗಂಡ ಸತ್ತಿಲ್ಲ. ಜೈಲಲ್ಲಿದಾನೆ. ಸತ್ತ ಅಂತ ನಾನೇ ಹೇಳಿದ್ದೆ, ಮಕ್ಕಳು ತಲೆ ಎತ್ತಿ ಓಡಾಡ್ಲಿ ಅಂತ. ಸಾಕಾ? ಇನ್ನೇನು ಬೇಕು ನಿನಗೆ?”

ಅವಳು ನಿಂತೇ ಇದ್ದಳು. ಆದರೆ ಯಾರೋ ಹೊಡೆದು ಕೆಡವಿದ ಹಾಗೆ ಕಾಣುತ್ತಿದ್ದಳು. ಕೆಲವರು, “ಭೇಷ್ ಅಕ್ಕ” ಅಂದರು. ಯಾರೋ ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು. ಹೋದ ತಿಂಗಳಷ್ಟೇ ಸೇರಿದ್ದ ಹೊಸಬಳೊಬ್ಬಳು ಗುಂಪಿನ ನಡುವಿನಿಂದ ಮುಂದೆ ಬಂದಳು.

“ನಂದೂ ನಾನೇ ಹೇಳಿಬಿಡ್ತೀನಿ. ಅವನು ಹೇಳೋಕೆ ಮೊದ್ಲು ನಾನೇ… ನಾನು ಮದುವೆಗೆ ಮುಂಚೆ…”

ಕುಳ್ಳಿ ಓಡಿ ಬಂದು ಅವಳ ಬಾಯಿ ಮುಚ್ಚಿದಳು. ಒರಟು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿದಳು.

“ಬೇಡ. ಹೇಳ್ಬೇಡ.”

ಹೊಸಬಳ ಕಣ್ಣೀರು ಅವಳ ಬೆರಳ ಮೇಲೆ ಇಳಿಯಿತು.

“ಯಾರೂ ಏನೂ ಹೇಳ್ಬೇಡಿ” ಅಂದಳು ಕುಳ್ಳಿ. ಅವಳ ಮಾತು ತಡವರಿಸಲಿಲ್ಲ. “ಇವನಿಗೆ ಹೆದರಿ ಮುಚ್ಕೊಳ್ಳೋದೂ ಬೇಡ, ಇವನಿಗೆ ಹೆದರಿ ಬಿಚ್ಕೊಳ್ಳೋದೂ ಬೇಡ. ಅಕ್ಕ ಹೇಳಿದ್ಲು, ಅವಳ ಧೈರ್ಯ. ಆದ್ರೆ ಹೇಳೋ ಕರ್ಮ ಅವಳಿಗ್ಯಾಕೆ ಬಂತು? ನಮ್ಮ ಹತ್ರ ಬಚ್ಚಿಡೋಕೆ ಏನೂ ಇಲ್ಲ ಅಂತ ತೋರಿಸೋಕೆ ನಾವ್ಯಾಕೆ ಬತ್ತಲಾಗ್ಬೇಕು? ಇದೆ. ಬಚ್ಚಿಡೋದು ನನ್ನ ಹತ್ರಾನೂ ಇದೆ. ಎಲ್ಲರ ಹತ್ರಾನೂ ಇದೆ. ಅದು ನಮ್ಮದು.”

“ನಿನ್ನದು ಹೇಳ್ಲಾ?” ಬೆಣ್ಣೆ ಕೇಳಿದ. ಆಗಲೂ ಮೆತ್ತಗೆ.

ಕುಳ್ಳಿ ತಲೆ ಎತ್ತಿ ನೋಡಿದಳು. ಅವನ ಎದೆಯೆತ್ತರಕ್ಕೂ ಅವಳು ಬರುತ್ತಿರಲಿಲ್ಲ.

“ಹೇಳು. ಇಷ್ಟು ಜನ ಇದಾರೆ, ಹೇಳು. ಹೇಳಿದ್ರೆ ನೀನು ಕದ್ದಿದ್ದನ್ನ ನೀನೇ ತೋರಿಸಿದ ಹಾಗಾಗುತ್ತೆ. ನನ್ನ ಮರ್ಯಾದೆ ಹೋಗಬಹುದು. ನೀನು ಕಳ್ಳ ಅನ್ನೋದು ಮಾತ್ರ ಹೋಗಲ್ಲ.”

ಬೆಣ್ಣೆ ಬಾಯಿ ತೆರೆದ. ಅಷ್ಟರಲ್ಲಿ ಫ್ಲಾಸ್ಕು ಹಿಡಿದು ನಿಂತಿದ್ದ ಒಬ್ಬ ಮುದುಕ ಮುಂದೆ ಬಂದ. ಯಾರೋ ರೋಗಿಯ ತಂದೆ.

“ಏನಪ್ಪಾ, ನಮ್ಮ ಫೋನಲ್ಲೂ ನಿಮ್ಮ ಆಸ್ಪತ್ರೆಯೋರು ಏನೋ ಹಾಕ್ಸಿದಾರಲ್ಲ, ಒಳಗೆ ಬಿಡೋಕೆ. ಅದೂ ಹಿಂಗೇನಾ?”

“ಅದು ಬೇರೆ ಯಜಮಾನರೇ…”

“ಏನು ಬೇರೆ?” ಹಿಂದಿನಿಂದ ಒಬ್ಬ ಹೆಂಗಸು ಕೂಗಿದಳು. “ನನ್ನ ಸೊಸೆ ಹೆರಿಗೆಗೆ ಒಳಗಿದಾಳೆ. ಅವಳ ಫೋಟೋ ಎಲ್ಲ ಅದರಲ್ಲಿದೆ!”

ಜನ ಒತ್ತಿ ಬಂದರು. ಹತ್ತಾರು ಕೈಗಳು ಹತ್ತಾರು ಫೋನುಗಳನ್ನು ಅವನ ಮುಖಕ್ಕೆ ಹಿಡಿದವು. ಬೆಣ್ಣೆ ಜೀಪಿನವನ ಕಡೆ ನೋಡಿದ. ಜೀಪಿನವನು ತನ್ನ ಜೇಬಿನ ಫೋನನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ. ಬೆಣ್ಣೆ ಒಳಗೆ ಹೋದ. ಗೇಟು ಹಾಕಿಕೊಂಡಿತು.

ಅವರು ಹೊರಗೇ ಉಳಿದರು. ಒಳಗೆ ಹೋದ ಕೆಲವರಿಂದ ಅಷ್ಟು ಬಟ್ಟೆ ಒಗೆಯಲು ಆಗಲಿಲ್ಲ. ವಾರ್ಡುಗಳಲ್ಲಿ ಚಾದರ ಮುಗಿಯಿತು. ಆಪರೇಷನ್ನುಗಳನ್ನು ಮುಂದಕ್ಕೆ ಹಾಕಿದರು. ಆಗ ಆಸ್ಪತ್ರೆಯ ದೊಡ್ಡವರು ಕಂಪನಿಯವರನ್ನು ಕರೆಸಿದರು. ಹೆಂಗಸರ ಕೈಯ ಸೂಜಿಗಾಗಿ ಅಲ್ಲ, ಚಾದರಕ್ಕಾಗಿ. ದಪ್ಪ ಕೈಗವಸು ಬಂದವು. ಹಾಜರಿಗೆ ಮೊದಲಿನ ಹಾಗೆ ಪುಸ್ತಕ ಬಂತು. ಆಪ್ “ಸದ್ಯಕ್ಕೆ” ನಿಂತಿದೆ ಎಂದು ಗೋಡೆಗೆ ಅಂಟಿಸಿದರು. ಸದ್ಯಕ್ಕೆ ಅನ್ನುವುದನ್ನು ಎಲ್ಲರೂ ಎರಡೆರಡು ಸಲ ಓದಿಸಿಕೊಂಡರು.

ಹೊರಗಿದ್ದವರನ್ನು ಕೆಲಸಕ್ಕೆ ಕರೆದರು, ಕುಳ್ಳಿಯನ್ನೂ ಇಸ್ತ್ರಿ ಅಕ್ಕನನ್ನೂ ಮಾತ್ರ ವಾಪಸ್ ತೆಗೆದುಕೊಳ್ಳಲಿಲ್ಲ. ಮೊದಲೇ ತೆಗೆದಿದ್ದ ಇಬ್ಬರನ್ನೂ ತೆಗೆದುಕೊಳ್ಳಲಿಲ್ಲ. ಇಸ್ತ್ರಿ ಅಕ್ಕನ ಮಗಳ ಸಂಬಂಧ ಮುರಿಯಿತು. ಗಂಡಿನ ಕಡೆಯವರು ಬಂದು ಹೇಳಲೂ ಇಲ್ಲ. ಫೋನಿನಲ್ಲಿ ಎರಡು ಸಾಲು ಕಳಿಸಿದರು. ಮಗಳು ತಾಯಿಯ ಜೊತೆ ಮಾತು ಬಿಟ್ಟಳು. ಬೆಣ್ಣೆಗೆ ಬೇರೆ ಊರಿಗೆ ವರ್ಗವಾಯಿತು. ಇದಕ್ಕಿಂತ ದೊಡ್ಡ ಒಗೆತದ ಶೆಡ್ಡಂತೆ, ಇನ್ನೂ ಹೆಚ್ಚು ಹೆಂಗಸರಂತೆ.

ಕುಳ್ಳಿ ಕಾರ್ಮಿಕರ ಕಚೇರಿಗೆ ಹೋದಳು. ಎಲ್ಲವನ್ನೂ ಹೇಳಿದಳು. ಅಧಿಕಾರಿ ಬರೆದುಕೊಂಡ. ಬರೆದುಕೊಂಡು ಕೇಳಿದ: “ನಿಮ್ಮ ಫೋನುಗಳಿಂದ ಏನೇನು ತಗೊಂಡಿದಾರೆ?”

“ಅದು ನಮಗೆ ಹೇಗೆ ಗೊತ್ತಾಗ್ಬೇಕು ಸ್ವಾಮಿ?”

“ಗೊತ್ತಿಲ್ಲದೆ ಏನನ್ನ ವಾಪಸ್ ಕೊಡಿಸ್ಲಿ?”

ಅವರ ದನಿಗಳು, ಅವರ ಫೋಟೋಗಳು, ಅವರು ಹತ್ತಿದ ಬಸ್ಸುಗಳು ಎಲ್ಲೋ ಇದ್ದವು. ಈಗಲೂ ಇವೆ. ಬೆಣ್ಣೆಯ ಕುರ್ಚಿಯಲ್ಲಿ ಇನ್ನೊಬ್ಬ ಕೂತಿದ್ದಾನೆ. ಅವನೂ ಮೆತ್ತಗೆ ಮಾತಾಡುತ್ತಾನಂತೆ.

ನಾದಿನಿಯ ಮೊದಲ ರಕ್ತಪರೀಕ್ಷೆಯಲ್ಲಿ ಏನೂ ಬರಲಿಲ್ಲ. ಇನ್ನೊಂದು ಬಾಕಿ ಇದೆ. ಎದೆಹಾಲು ಬತ್ತಿಹೋಗಿದೆ. ಗಂಡ ಲಾರಿ ಇಳಿದು ಮನೆಗೆ ಬಂದ ದಿನ ಅವಳೇ ಅವನಿಗೆ ಎದುರು ಕೂತು ಹೇಳಿದಳು. ಅವನು ತುಂಬ ಹೊತ್ತು ಅವಳ ಹೆಬ್ಬೆರಳನ್ನು ಹಿಡಿದುಕೊಂಡಿದ್ದ.

ಕುಳ್ಳಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಎರಡು ಕಡೆ ಬಾ ಅಂದರು. ಹೆಸರು, ನಂಬರು ಬರೆಸಿಕೊಂಡರು. ಮಾರನೆಯ ದಿನ ಬೇಡ ಅಂದರು. ಯಾಕೆ ಅಂತ ಹೇಳಲಿಲ್ಲ. ಬೀದಿಯ ತಿರುವಿನಲ್ಲಿ ಒಬ್ಬ ಬೈಕು ನಿಲ್ಲಿಸಿಕೊಂಡು ಆಗಾಗ ಇತ್ತ ನೋಡುತ್ತಾನೆ. ಅವನು ಯಾರನ್ನೋ ಕಾಯುವ ಪ್ರೇಮಿಯೋ, ಕಂಪನಿಯವನೋ ಗೊತ್ತಿಲ್ಲ. ಮೊದಲಾಗಿದ್ದರೆ ಅವಳು ನೋಡುತ್ತಲೂ ಇರಲಿಲ್ಲ. ಈಗ ಕಿಟಕಿ ಮುಚ್ಚುತ್ತಾಳೆ.

ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ನಾದಿನಿ ಹತ್ತಿರ ಬಂದು ಕೂತಳು.

“ಅತ್ತಿಗೆ, ನಿನ್ನ ಬಗ್ಗೆ ಅವನ ಹತ್ರ ಏನಿತ್ತು?”

“ಹೇಳಲ್ಲ.”

“ನನಗೂ?”

“ನಿನಗೂ.”

ನಾದಿನಿ ಸ್ವಲ್ಪ ಹೊತ್ತು ಅವಳ ಮುಖ ನೋಡಿದಳು.

“ಸರಿ” ಅಂದಳು. ಮಗುವನ್ನು ಅತ್ತಿಗೆಯ ತೊಡೆಗೆ ಹಾಕಿ, ಬಾಟಲಿ ತೊಳೆಯಲು ಎದ್ದು ಹೋದಳು.